ಬರ್ಟ್ ಮನ್ರೊ

ಹರ್ಬರ್ಟ್ ಜೇಮ್ಸ್ 'ಬರ್ಟ್' ಮನ್ರೊ (25 ಮಾರ್ಚ್ 1899 – 6 ಜನವರಿ 1978) ನ್ಯೂಜಿಲೆಂಡಿನ ಮೋಟಾರ್‌ಸೈಕಲ್ ಸ್ಪರ್ಧಿ. ರಸ್ತೆಯಲ್ಲಿ ಓಡಿಸಲು ಕೊಂಡ ವಾಹನವನ್ನು ದಶಕಗಳ ಕಾಲ ಸ್ವತಃ ಮಾರ್ಪಡಿಸಿ ವೇಗದ ವಿಶ್ವದಾಖಲೆ ನಿರ್ಮಿಸಿದವರೆಂದು ಇವರು ಪ್ರಸಿದ್ಧರು.

ಮಾರ್ಪಾಡುಗಳು

ಮನ್ರೊ 1920ರಲ್ಲಿ ಅಮೆರಿಕದ 'ಇಂಡಿಯನ್' ಕಂಪನಿಯ ಸ್ಕೌಟ್ ಮೋಟಾರ್‌ಸೈಕಲನ್ನು ಕೊಂಡರು. 600 ಸಿಸಿ ಎಂಜಿನ್ ಹೊಂದಿದ್ದ ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 89 ಕಿ.ಮೀ. ಮಾತ್ರ. ಹೆಚ್ಚಿನ ಹಣವಾಗಲಿ ಉಪಕರಣಗಳಾಗಲಿ ಇಲ್ಲದ ಕಾರಣ ಅವರು ಹಳೆಯ ಡಬ್ಬಿಗಳನ್ನು ಅಚ್ಚಾಗಿ ಬಳಸಿ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಿದ್ದರು. ಪಿಸ್ಟನ್, ಸಿಲಿಂಡರ್ ಹಾಗೂ ಫ್ಲೈವೀಲ್‌ಗಳನ್ನು ತಾವೇ ತಯಾರಿಸಿದರು. ಬದಿಯಲ್ಲಿದ್ದ ವಾಲ್ವ್‌ಗಳನ್ನು ಸಿಲಿಂಡರಿನ ಮೇಲ್ಭಾಗಕ್ಕೆ ತಂದು, ಕ್ರಮೇಣ ಎಂಜಿನ್ ಗಾತ್ರವನ್ನು 950 ಸಿಸಿಗೆ ಹಿಗ್ಗಿಸಿದರು. ಹೆಚ್ಚಿದ ಶಕ್ತಿಯನ್ನು ಚಕ್ರಕ್ಕೆ ಸಾಗಿಸಲು 17 ತಟ್ಟೆಗಳ ಕ್ಲಚ್ ಹಾಗೂ ಮೂರೆಳೆಯ ಚೈನನ್ನು ಅಳವಡಿಸಿದರು. ಎಂಜಿನ್ ಹಲವು ಬಾರಿ ಛಿದ್ರವಾಯಿತು. ಮುರಿದ ಭಾಗಗಳನ್ನು ವೇಗದೇವತೆಗೆ ಸಂದ ಕಾಣಿಕೆಯೆಂದು ಕಪಾಟಿನಲ್ಲಿ ಜೋಡಿಸಿಟ್ಟು, ಅವರು ಮತ್ತೆ ಕೆಲಸ ಆರಂಭಿಸುತ್ತಿದ್ದರು.

ದಾಖಲೆಗಳು

1962ರಲ್ಲಿ, ತಮ್ಮ 63ನೆಯ ವಯಸ್ಸಿನಲ್ಲಿ, ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪುಬಯಲಿನಲ್ಲಿ ಗಂಟೆಗೆ 288 ಕಿ.ಮೀ. ವೇಗದ ದಾಖಲೆ ಸ್ಥಾಪಿಸಿದರು. 1967ರ ಆಗಸ್ಟ್ 26ರಂದು ಅಲ್ಲಿಯೇ 1000 ಸಿಸಿಗಿಂತ ಕಡಿಮೆ ಗಾತ್ರದ ವಿಭಾಗದಲ್ಲಿ ಅವರ ವೇಗ 295.45 ಕಿ.ಮೀ. ಎಂದು ನಮೂದಾಯಿತು. ಲೆಕ್ಕದ ದೋಷ ಪತ್ತೆಯಾಗಿ 2014ರಲ್ಲಿ ಅದನ್ನು 296.26 ಕಿ.ಮೀ. ಎಂದು ತಿದ್ದಲಾಯಿತು. ಅವರ ಜೀವನವನ್ನು ಆಧರಿಸಿದ 'ದ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್' ಚಲನಚಿತ್ರ 2005ರಲ್ಲಿ ತೆರೆಕಂಡಿತು.