ಸೂರ್ಯವೀಕ್ಷಕ ಸರ್ ನಾರ್ಮನ್ ಲಾಕ್ಯರ್ (1836–1920)

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನಚಿತ್ರವನ್ನು ಬರೆದುಕೊಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಸಂತರೊಬ್ಬರ ಚರಿತ್ರೆಯೆಂಬುದನ್ನು ನಾವು ಬಲ್ಲೆವು. ಸಂತರ ಚರಿತ್ರೆಗಳನ್ನು ಬರೆಯಲು ನಮಗಿಂತ ಸಮರ್ಥರಿದ್ದಾರೆ. ನಾವು ಆರಿಸಿಕೊಂಡವರು ಸಂತರಲ್ಲ, ಕಥೋಲಿಕರೂ ಅಲ್ಲ; ಲಂಡನ್ನಿನ ಯುದ್ಧ ಇಲಾಖೆಯಲ್ಲಿ ಗುಮಾಸ್ತರಾಗಿ ಬಾಳನ್ನಾರಂಭಿಸಿದ ಒಬ್ಬ ಆಂಗ್ಲ ಗೃಹಸ್ಥರು. ಇದಕ್ಕೆ ಕಾರಣವುಂಟು.

2019ನೆಯ ಇಸವಿಯ ಡಿಸೆಂಬರ್ 26ರಂದು, ಕ್ರಿಸ್ತಜಯಂತಿಯ ಮರುದಿನ, ಬೆಳಿಗ್ಗೆ ಸೂರ್ಯಗ್ರಹಣವಿತ್ತು. ಕಾಸರಗೋಡು, ಕೊಡಗಿನ ಕಡೆ ಅದು ಕಂಕಣಗ್ರಹಣ. ನಮ್ಮ ಮಾರಿಕಣಿವೆಯಲ್ಲಿ ಪಾರ್ಶ್ವಗ್ರಹಣ. ಸಂತ ಸ್ತೇಫನರ ಹಬ್ಬದ ಬಲಿಪೂಜೆಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಪೂಜೆಯಾದ ಮೇಲೆ ಹಿರಿಯೂರಿನ ಕಡೆಯ ಶಾಲಾ ಉಪಾಧ್ಯಾಯರೊಬ್ಬರು ತಮ್ಮ ಸಣ್ಣ ದೂರದರ್ಶಕವನ್ನು ದೇವಾಲಯದ ಅಂಗಳದಲ್ಲಿ ನಿಲ್ಲಿಸಿ, ಅದರ ಹಿಂದೆ ಒಂದು ಬಿಳಿಯ ಹಾಳೆಯನ್ನು ಹಿಡಿದರು. ಕೊಳವೆಯೊಳಗೆ ಯಾರೂ ಕಣ್ಣಿಟ್ಟು ನೋಡಕೂಡದೆಂದು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಹಾಳೆಯ ಮೇಲೆ ತಟ್ಟೆಯಗಲದ ಸೂರ್ಯ ಮೂಡಿದನು. ಅವನ ಅಂಚನ್ನು ಚಂದ್ರನು ಮೆಲ್ಲಗೆ ಕಚ್ಚುತ್ತಿದ್ದನು. ಹೊಂಗೆಯ ಮರದಡಿ ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗಿದ್ದುದನ್ನು ಮಕ್ಕಳೇ ಮೊದಲು ಕಂಡುಹಿಡಿದರು. ಆಗ ನಮ್ಮ ಧರ್ಮಕೇಂದ್ರದ ವೃದ್ಧೆಯೊಬ್ಬರು ಹಾಳೆಯ ಬಳಿಗೆ ಬಂದು, ಇದರಲ್ಲಿ ಮಳೆ ಯಾವಾಗ ಬರುವುದೆಂಬುದು ಕಾಣುತ್ತದೆಯೇ ಎಂದು ಕೇಳಿದರು. ನೆರೆದವರು ನಕ್ಕರು. ನಾವು ನಗಲಿಲ್ಲ. ಇದೇ ಪ್ರಶ್ನೆಯನ್ನು ಸೂರ್ಯನ ಮುಂದೆ ನಿಂತು ಒಬ್ಬ ಮಹಾವಿಜ್ಞಾನಿ ಬಹುಕಾಲ ಕೇಳಿದ್ದುದನ್ನು ನಾವು ಗುರುಮಠದ ದಿನಗಳಲ್ಲಿ ಓದಿದ್ದೆವು. ಅಂದು ಆ ತಾಯಿಗೆ ಕೊಡದೆ ಉಳಿದ ಉತ್ತರವನ್ನು ಈ ಪುಟಗಳಲ್ಲಿ ಕೊಡಲು ಯತ್ನಿಸುತ್ತೇವೆ.

ಜೋಸೆಫ್ ನಾರ್ಮನ್ ಲಾಕ್ಯರ್ ಅವರು 1836ರ ಮೇ 17ರಂದು ಇಂಗ್ಲೆಂಡಿನ ರಗ್ಬಿ ಪಟ್ಟಣದಲ್ಲಿ ಜನಿಸಿದರು. ತಂದೆ ವೈದ್ಯವೃತ್ತಿಯವರು, ವಿಜ್ಞಾನದಲ್ಲಿ ಆಸಕ್ತಿಯುಳ್ಳವರು. ಮಗನಿಗೆ ವಿಶ್ವವಿದ್ಯಾನಿಲಯದ ಶಿಕ್ಷಣವೇನೂ ದೊರೆಯಲಿಲ್ಲ. 1857ರಲ್ಲಿ ಅವರು ಯುದ್ಧ ಇಲಾಖೆಯ ಕಚೇರಿಯನ್ನು ಸೇರಿದರು. ಮರುವರ್ಷ ವಿನಿಫ್ರೆಡ್ ಜೇಮ್ಸ್ ಎಂಬ ಕನ್ಯೆಯನ್ನು ವಿವಾಹವಾದರು. ಈಕೆ ಫ್ರೆಂಚ್ ಭಾಷೆಯ ವಿಜ್ಞಾನಗ್ರಂಥಗಳನ್ನು ಇಂಗ್ಲಿಷಿಗೆ ತಂದ ವಿದುಷಿ. ಹಗಲೆಲ್ಲ ಕಡತಗಳ ನಡುವೆ ಕುಳಿತು ಸಂಜೆ ಮನೆಗೆ ಬಂದ ಗುಮಾಸ್ತರು ತೋಟದಲ್ಲಿ ನಿಲ್ಲಿಸಿದ್ದ ದೂರದರ್ಶಕದ ಬಳಿಗೆ ಹೋಗುತ್ತಿದ್ದರು. ಆರೂಕಾಲು ಅಂಗುಲದ ಮಸೂರವುಳ್ಳ ಆ ಯಂತ್ರವೇ ಅವರ ವಿದ್ಯಾಪೀಠವಾಯಿತು.

ಮೊದಲು ಚಂದ್ರನನ್ನೂ ಮಂಗಳಗ್ರಹವನ್ನೂ ನೋಡಿದರು. ಆಮೇಲೆ ಸೂರ್ಯನ ಕಡೆಗೆ ತಿರುಗಿದವರು ಹಿಂದಿರುಗಲಿಲ್ಲ. ಮೂರು ಮೂಲೆಯ ಗಾಜಿನ ಪಟ್ಟಕದಿಂದ ಬೆಳಕನ್ನು ಬಣ್ಣಬಣ್ಣವಾಗಿ ಹರಡಿ ನೋಡಿದರೆ, ಆ ಬೆಳಕು ಯಾವ ವಸ್ತುವಿನಿಂದ ಹೊರಟಿತೆಂಬುದು ಗೆರೆಗಳ ಗುರುತಿನಿಂದ ತಿಳಿಯುತ್ತದೆಯೆಂಬುದನ್ನು ಜರ್ಮನಿಯ ಪಂಡಿತರು ಆಗತಾನೆ ತೋರಿಸಿಕೊಟ್ಟಿದ್ದರು. 1866ರಲ್ಲಿ ಲಾಕ್ಯರ್ ಅಂತಹ ರೋಹಿತದರ್ಶಕವನ್ನು ತಮ್ಮ ದೂರದರ್ಶಕಕ್ಕೆ ಜೋಡಿಸಿ, ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಆಗಲೇ ಅವರಿಗೆ ಒಂದು ವಿಚಾರ ಹೊಳೆಯಿತು. ಪೂರ್ಣಗ್ರಹಣದಲ್ಲಿ ಸೂರ್ಯನ ಅಂಚಿನಿಂದ ಕೆಂಪು ಜ್ವಾಲೆಗಳು ಮೇಲೇಳುವುದನ್ನು ಜನ ಕಂಡಿದ್ದರು. ಆದರೆ ಪೂರ್ಣಗ್ರಹಣ ಅಪರೂಪ; ಬಂದರೂ ಕೆಲವೇ ನಿಮಿಷ. ಆ ಜ್ವಾಲೆಗಳನ್ನು ಗ್ರಹಣವಿಲ್ಲದೆ, ದಿನದಿನವೂ ನೋಡಲು ಏಕೆ ಸಾಧ್ಯವಿಲ್ಲವೆಂದು ಅವರು ತಮ್ಮನ್ನೇ ಕೇಳಿಕೊಂಡರು.

ಇದರ ಯುಕ್ತಿಯನ್ನು ನಮ್ಮ ರೈತಬಂಧುಗಳಿಗೆ ಹೀಗೆ ಹೇಳಬಹುದು. ಒಂದು ಮೊರ ರಾಗಿಯನ್ನು ಕಣದ ತುಂಬ ಹರಡಿದರೆ ಅದು ತೆಳುವಾಗಿ ನೆಲವೇ ಕಾಣುತ್ತದೆ. ಅದರಲ್ಲಿದ್ದ ಕಲ್ಲು ಮಾತ್ರ ಎಷ್ಟು ಹರಡಿದರೂ ಕಲ್ಲಾಗಿಯೇ ಉಳಿದು ಎದ್ದುಕಾಣುತ್ತದೆ. ಆಕಾಶದ ಪ್ರಭೆಯಲ್ಲಿ ಎಲ್ಲ ಬಣ್ಣಗಳೂ ಇರುವುದರಿಂದ ಪಟ್ಟಕದಲ್ಲಿ ಹರಡಿದಾಗ ಅದು ಮಂಕಾಗುತ್ತದೆ. ಜ್ವಾಲೆಯ ಅನಿಲ ಬೆಳಗುವುದು ಕೆಲವೇ ಗೆರೆಗಳಲ್ಲಿ. ಆ ಗೆರೆಗಳು ಮಂಕಾಗುವುದಿಲ್ಲ. ವಿಚಾರ ಸರಿಯಾಗಿತ್ತು, ಉಪಕರಣ ಸಾಲದಾಗಿತ್ತು. ಸರ್ಕಾರದ ಸಹಾಯಧನದಿಂದ ಹೊಸ ರೋಹಿತದರ್ಶಕವೊಂದನ್ನು ಮಾಡಿಸಲು ಕೊಟ್ಟರು. ಅದು ಕೈಸೇರುವುದು ತಡವಾಯಿತು.

ಅಷ್ಟರಲ್ಲಿ 1868ರ ಆಗಸ್ಟ್ 18ರ ಪೂರ್ಣಗ್ರಹಣ ಬಂದಿತು. ಅದರ ನೆರಳು ನಮ್ಮ ಕನ್ನಡನಾಡಿನ ಉತ್ತರಭಾಗದ ಮೇಲೆಯೇ ಹಾದುಹೋಯಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಆಂಧ್ರದ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ತಮ್ಮ ಯಂತ್ರಗಳೊಡನೆ ಸಿದ್ಧರಾಗಿದ್ದರು. ಕೆಂಪು ಜ್ವಾಲೆಗಳು ಉರಿಯುವ ಅನಿಲವೆಂಬುದು ಅಂದು ನಿಶ್ಚಯವಾಯಿತು. ಆ ಗೆರೆಗಳ ಉಜ್ವಲತೆಯನ್ನು ಕಂಡ ಜಾನ್ಸೆನ್ ಮರುದಿನವೇ, ಗ್ರಹಣವಿಲ್ಲದ ಸೂರ್ಯನಲ್ಲಿ ಅವುಗಳನ್ನು ಮತ್ತೆ ಕಂಡರು. ಇತ್ತ ಲಾಕ್ಯರರಿಗೆ ಹೊಸ ಯಂತ್ರ ದೊರೆತುದು ಅಕ್ಟೋಬರ್ 16ರಂದು. 20ರಂದು ಅವರೂ ಲಂಡನ್ನಿನಲ್ಲಿ ಅದನ್ನೇ ಕಂಡರು. ಒಬ್ಬರಿಗೊಬ್ಬರು ಅರಿಯದೆ ಬರೆದ ಇಬ್ಬರ ಪತ್ರಗಳೂ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯನ್ನು ಅಕ್ಟೋಬರ್ 26ರಂದು, ಒಂದೇ ದಿನ, ತಲುಪಿದವು. ಯಾರು ಮೊದಲೆಂಬ ಜಗಳಕ್ಕೆ ಎಡೆಗೊಡದೆ ಫ್ರೆಂಚ್ ಸರ್ಕಾರವು ಇಬ್ಬರ ಮುಖಗಳನ್ನೂ ಒಂದೇ ಪದಕದಲ್ಲಿ ಅಚ್ಚುಹಾಕಿಸಿತು. ಪಂಡಿತರ ಜಗಳಗಳು ಇಷ್ಟು ಸುಂದರವಾಗಿ ಮುಗಿಯುವುದು ಅಪೂರ್ವ.

ಜ್ವಾಲೆಗಳ ಗೆರೆಗಳಲ್ಲಿ ಹಳದಿಯದೊಂದು ಸೋಡಿಯಂ ಗೆರೆಗಳ ನೆರೆಯಲ್ಲಿದ್ದರೂ ಅವುಗಳೊಡನೆ ಕೂಡುತ್ತಿರಲಿಲ್ಲ. ಭೂಮಿಯ ಮೇಲಿನ ಯಾವ ವಸ್ತುವಿನ ಗೆರೆಗೂ ಅದು ಹೊಂದಲಿಲ್ಲ. ಹಾಗಾದರೆ ಅದು ಸೂರ್ಯನಲ್ಲಿರುವ ಹೊಸ ಧಾತುವೆಂದು ಲಾಕ್ಯರ್ ಭಾವಿಸಿದರು. ಗ್ರೀಕ್ ಭಾಷೆಯ ಸೂರ್ಯನ ಹೆಸರಿನಿಂದ ಅದು ಹೀಲಿಯಂ ಎನಿಸಿಕೊಂಡಿತು. ಅನೇಕ ರಸಾಯನಶಾಸ್ತ್ರಿಗಳು ನಂಬಲಿಲ್ಲ. ಇಪ್ಪತ್ತೇಳು ವರ್ಷ ಹೀಗೆಯೇ ಕಳೆಯಿತು. 1895ರಲ್ಲಿ ವಿಲಿಯಂ ರ‍್ಯಾಮ್ಸೆಯವರು ಯುರೇನಿಯಂ ಖನಿಜವೊಂದರಿಂದ ಹೊರಬಂದ ಅನಿಲದಲ್ಲಿ ಅದೇ ಹಳದಿ ಗೆರೆಯನ್ನು ಕಂಡಾಗ ಲಾಕ್ಯರರಿಗೆ ಐವತ್ತೆಂಟು ವರ್ಷ. ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತಿದ್ದಬೇಕಾಗಿದೆ. ಮಹಾರಾಷ್ಟ್ರದ ಕರಾವಳಿಯ ವಿಜಯದುರ್ಗ ಕೋಟೆಯಲ್ಲಿ 1868ರಲ್ಲಿ ಲಾಕ್ಯರ್ ಹೀಲಿಯಂ ಕಂಡುಹಿಡಿದರೆಂದು ಪತ್ರಿಕೆಗಳಲ್ಲಿ ಆಗಾಗ ಬರುವುದುಂಟು. ಆ ವರ್ಷ ಅವರು ಇಂಗ್ಲೆಂಡಿನಲ್ಲಿಯೇ ಇದ್ದರು. ವಿಜಯದುರ್ಗಕ್ಕೆ ಬಂದುದು ಮೂವತ್ತು ವರ್ಷಗಳ ತರುವಾಯ.

ಅವರು ಮೊದಲ ಸಲ ನಮ್ಮ ಸೀಮೆಗೆ ಬಂದುದು 1871ರಲ್ಲಿ. ಡಿಸೆಂಬರ್ 12ರ ಪೂರ್ಣಗ್ರಹಣಕ್ಕಾಗಿ ಆಂಗ್ಲ ತಂಡವನ್ನು ಕರೆತಂದು, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ, ಇಂದಿನ ಕಾಸರಗೋಡಿನ, ಬೇಕಲ ಕೋಟೆಯಲ್ಲಿ ಬೀಡುಬಿಟ್ಟರು. ಕೆಳದಿಯ ನಾಯಕರು ಕಟ್ಟಿಸಿದ ಕೋಟೆಯ ಮೇಲೆ ದೂರದರ್ಶಕಗಳು ನಿಂತವು. ಗ್ರಹಣ ಹಿಡಿಯುತ್ತಲೇ ಊರವರು ಹೆದರಿ ಕುರುಚಲಿಗೆ ಬೆಂಕಿಯಿಟ್ಟರೆಂದೂ, ಹೊಗೆ ಸೂರ್ಯನನ್ನು ಮರೆಮಾಡೀತೆಂದು ಪೋಲೀಸರು ಓಡಿಹೋಗಿ ಆರಿಸಿದರೆಂದೂ ಆ ಯಾತ್ರೆಯ ವೃತ್ತಾಂತದಲ್ಲಿದೆ. ಓದಿದಾಗ ನಮಗೆ ಆ ಜನರ ಮೇಲೆ ಕನಿಕರವೇ ಉಂಟಾಯಿತು. ದೂರದೇಶದಿಂದ ಬಂದವರು ಇವರ ಸೂರ್ಯನನ್ನೇ ನೋಡುತ್ತಿದ್ದರು. ಇವರಿಗೆ ಮಾತ್ರ ಯಾರೂ ತೋರಿಸಲಿಲ್ಲ. 1980ರ ಫೆಬ್ರವರಿ 16ರಂದು ಕಾರವಾರದಿಂದ ರಾಯಚೂರಿನವರೆಗೆ ಪೂರ್ಣಗ್ರಹಣದ ನೆರಳು ಹಾದಾಗಲೂ ನಮ್ಮ ನಾಡಿನಲ್ಲಿ ಬೀದಿಗಳು ಬರಿದಾಗಿದ್ದುದನ್ನು ನಾವು ಕಣ್ಣಾರೆ ಕಂಡವರು. ಗುರುಮಠದ ಮಾಳಿಗೆಯ ಮೇಲೆ ನಿಂತಿದ್ದ ನಮ್ಮನ್ನು ಹಾದಿಯಲ್ಲಿ ಹೋಗುತ್ತಿದ್ದ ಒಬ್ಬನೇ ಒಬ್ಬ ಸೈಕಲ್ ಸವಾರನು ಮರುಕದಿಂದ ನೋಡಿದನು.

ಬೇಕಲದಲ್ಲಿ ಲಾಕ್ಯರ್ ಸೀಳುಕಂಡಿಯಿಲ್ಲದ ಪಟ್ಟಕಗಳ ಮೂಲಕ ನೋಡಿ, ಸೂರ್ಯನನ್ನು ಸುತ್ತಿದ ಅನಿಲದ ಪ್ರಭೆಯನ್ನು ಬಣ್ಣಬಣ್ಣದ ಉಂಗುರಗಳಾಗಿ ಕಂಡರು. ಆದರೆ ಆ ಪ್ರಯಾಣದಿಂದ ಅವರು ಹೊತ್ತುಕೊಂಡು ಹೋದ ಇನ್ನೊಂದು ವಿಚಾರ ನಮಗೆ ಹೆಚ್ಚು ಸಮೀಪದ್ದು. ಸಿಂಹಳದಲ್ಲಿ ಇಳಿದಿದ್ದಾಗ, ಅಲ್ಲಿಯ ಮುಂಗಾರು ಒಂದು ಗೊತ್ತಾದ ವರ್ಷಾವಧಿಯಲ್ಲಿ ಏರಿಳಿಯುತ್ತದೆಂಬ ಮಾತು ಅವರ ಕಿವಿಗೆ ಬಿದ್ದಿತು. ಸೂರ್ಯನ ಕಲೆಗಳೂ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುತ್ತವೆ. ಎರಡಕ್ಕೂ ನಂಟಿದ್ದರೆ? ಬರಗಾಲವನ್ನು ವರ್ಷಗಳ ಮುಂಚೆ ತಿಳಿಯಬಹುದಲ್ಲವೇ?

ಇದು ಕೇವಲ ಪಂಡಿತರ ಕುತೂಹಲವಾಗಿರಲಿಲ್ಲ. 1876ರಿಂದ 1878ರವರೆಗೆ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮ ಮೈಸೂರು ಸೀಮೆಯನ್ನು ನುಂಗಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ನಮ್ಮ ಚಿತ್ರದುರ್ಗದ ಸೀಮೆಯಂತೂ ಒಳ್ಳೆಯ ವರ್ಷದಲ್ಲಿಯೂ ಮಳೆಗಾಗಿ ಬಾಯಿಬಿಡುವ ನೆಲ. 1877ರಲ್ಲಿ ಲಾಕ್ಯರರೂ ವಿಲಿಯಂ ಹಂಟರರೂ ಕೂಡಿ ಮದರಾಸಿನ ಮಳೆಯ ಲೆಕ್ಕವನ್ನು ಸೌರಕಲೆಗಳ ಲೆಕ್ಕದೊಡನೆ ಹೊಂದಿಸಿ, ಕಲೆಗಳು ಕಡಿಮೆಯಾದ ವರ್ಷಗಳ ಸುತ್ತಮುತ್ತ ಬರಗಾಲ ಬರುತ್ತದೆಂದು ಪ್ರಬಂಧ ಬರೆದರು. ಸೂರ್ಯನನ್ನು ನಿತ್ಯವೂ ಛಾಯಾಚಿತ್ರದಲ್ಲಿ ಹಿಡಿಯಬೇಕೆಂದು ಸರ್ಕಾರವನ್ನು ಬಿಡದೆ ಒತ್ತಾಯಿಸಿದರು. 1878ರಲ್ಲಿ ಡೆಹ್ರಾಡೂನಿನಲ್ಲಿ ಆ ಕಾರ್ಯ ಆರಂಭವಾಯಿತು. ಮುಂದೆ 1899ರಲ್ಲಿ ಕೊಡೈಕನಾಲಿನ ಸೌರವೀಕ್ಷಣಾಲಯ ಸ್ಥಾಪನೆಯಾದುದರ ಹಿಂದೆಯೂ, ಸೂರ್ಯನನ್ನು ಓದಿದರೆ ಮಳೆಯನ್ನು ಓದಬಹುದೆಂಬ ಈ ಆಸೆ ಇತ್ತು.

ಆಸೆ ಕೈಗೂಡಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರರು ಲೆಕ್ಕಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ, ಮುಂಗಾರನ್ನು ಮೊದಲೇ ಹೇಳಲು ಸೌರಕಲೆಗಳು ನೆರವಾಗವೆಂದು ತಿಳಿಯಿತು. ನಮ್ಮ ಮಳೆಯ ಬೀಗದ ಕೈಗಳಲ್ಲೊಂದು ಪೆಸಿಫಿಕ್ ಸಾಗರದ ನೀರಿನ ಕಾವಿನಲ್ಲಿದೆಯೆಂಬುದು, 1877ರ ಕ್ಷಾಮಕ್ಕೂ ಎಲ್ ನಿನೊ ಎಂಬ ಆ ಕಾವಿನ ಏರಿಕೆಯೇ ದೊಡ್ಡ ಕಾರಣವೆಂಬುದು ಬಹಳ ಕಾಲದ ಮೇಲೆ ಸ್ಪಷ್ಟವಾಯಿತು. ಲಾಕ್ಯರರ ಸ್ವಭಾವದಲ್ಲಿ ಆತುರವಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ನಕ್ಷತ್ರಗಳೆಲ್ಲ ಉಲ್ಕೆಗಳ ರಾಶಿಯಿಂದ ಹುಟ್ಟಿದವೆಂಬ ಅವರ ವಾದವನ್ನೂ ವಿಜ್ಞಾನಿಗಳು ಕೈಬಿಟ್ಟರು. ರೋಮಿನಲ್ಲಿ ಸಂತ ಇಗ್ನಾಸಿಯವರ ದೇವಾಲಯದ ಛಾವಣಿಯ ಮೇಲೆ ವೀಕ್ಷಣಾಲಯ ಹೂಡಿದ್ದ ಯೇಸುಸಭೆಯ ಗುರು ಆಂಜೆಲೊ ಸೆಕ್ಕಿಯವರೊಡನೆಯೂ ಅವರು ಸೂರ್ಯನ ವಿಷಯದಲ್ಲಿ ವಾದಕ್ಕಿಳಿದರು. ಸೆಕ್ಕಿಯವರ ಕಡೆಗೆ ನಮ್ಮ ಮನಸ್ಸು ಸಹಜವಾಗಿಯೇ ವಾಲುತ್ತದೆಯಾದರೂ, ತೀರ್ಪು ಹೇಳುವಷ್ಟು ವಿದ್ಯೆ ನಮ್ಮಲ್ಲಿಲ್ಲ.

ಅವರ ಇನ್ನೊಂದು ಗುಣವನ್ನು ಮಾತ್ರ ನಿಸ್ಸಂಶಯವಾಗಿ ಹೊಗಳಬಹುದು. ತಾವು ಕಂಡುದನ್ನು ಇತರರೂ ಕಾಣಬೇಕೆಂಬ ಹಂಬಲ ಅವರಿಗಿತ್ತು. 1869ರ ನವೆಂಬರ್ 4ರಂದು ಅವರು ಆರಂಭಿಸಿದ ನೇಚರ್ ವಾರಪತ್ರಿಕೆ ಇಂದಿಗೂ ನಡೆಯುತ್ತಿದೆ. ಐವತ್ತು ವರ್ಷ ಅದರ ಸಂಪಾದಕರಾಗಿದ್ದವರು ಅವರೇ. 1898ರ ಜನವರಿ 22ರ ಗ್ರಹಣಕ್ಕೆ ವಿಜಯದುರ್ಗಕ್ಕೆ ಬಂದಾಗ, ಮೆಲ್ಪೊಮಿನಿ ಎಂಬ ಯುದ್ಧನೌಕೆಯ ನಾವಿಕರಿಗೆ ಪಾಠ ಹೇಳಿ, ಅವರನ್ನೇ ವೀಕ್ಷಕರನ್ನಾಗಿ ಮಾಡಿದರು. ಹಗ್ಗ ಎಳೆದು ಒರಟಾದ ಕೈಗಳು ಸೂರ್ಯನ ಕಿರೀಟಪ್ರಭೆಯ ಚಿತ್ರಗಳನ್ನು ಬರೆದವು. ಪೂರ್ಣಗ್ರಹಣ ಸುಮಾರು ಎರಡು ನಿಮಿಷ. ಅದಕ್ಕಾಗಿ ಎಷ್ಟು ದಿನಗಳ ತಾಲೀಮು! ಅವರ ಯಂತ್ರಗಳು ನಿಂತಿದ್ದ ಕಟ್ಟೆಯನ್ನು ವಿಜಯದುರ್ಗದ ಜನ ಸಾಹೇಬರ ಕಟ್ಟೆಯೆಂದು ಇಂದಿಗೂ ತೋರಿಸುತ್ತಾರೆ.

ಆ ಹಿಂದಿನ ವರ್ಷ, 1897ರಲ್ಲಿ, ಅವರಿಗೆ ಸರ್ ಪದವಿ ಬಂದಿತ್ತು. ಅವರು ಬೆಳೆಸಿದ ಲಂಡನ್ನಿನ ಸೌರವೀಕ್ಷಣಾಲಯವನ್ನು ಕೇಂಬ್ರಿಜಿಗೆ ಸಾಗಿಸಲು ಸರ್ಕಾರ ನಿರ್ಧರಿಸಿದಾಗ ನೊಂದುಕೊಂಡ ಲಾಕ್ಯರ್, ಎಪ್ಪತ್ತಾರನೆಯ ವಯಸ್ಸಿನಲ್ಲಿ, 1912ರಲ್ಲಿ, ಸಿಡ್ಮತ್ ಊರಿನ ಬಳಿಯ ಗುಡ್ಡದ ಮೇಲೆ ಹೊಸ ವೀಕ್ಷಣಾಲಯವೊಂದನ್ನು ಕಟ್ಟಿಸಿದರು. 1920ರ ಆಗಸ್ಟ್ 16ರಂದು ಅಲ್ಲಿಯೇ ತೀರಿಕೊಂಡರು. ಅವರ ಸಮಾಧಿ ಸಾಲ್ಕೋಂಬ್ ರೀಜಿಸಿನ ಚರ್ಚಿನ ಅಂಗಳದಲ್ಲಿದೆ. ಅವರ ಹೆಸರಿನಲ್ಲಿರುವ ಆ ವೀಕ್ಷಣಾಲಯವನ್ನು ಇಂದು ಹವ್ಯಾಸಿಗಳ ಸಂಘವೊಂದು ನಡೆಸುತ್ತಿದೆ. ಸಾರ್ವಜನಿಕರು ಹೋಗಿ ದೂರದರ್ಶಕದಲ್ಲಿ ನೋಡಬಹುದು.

ಅಂಗಳದಲ್ಲಿ ಕೇಳಿದ ಪ್ರಶ್ನೆಗೆ ಹಿಂದಿರುಗೋಣ. ಲಾಕ್ಯರ್ ವಿಜಯದುರ್ಗದಲ್ಲಿದ್ದ ಆ ಸುಮಾರಿನಲ್ಲಿಯೇ ನಮ್ಮಲ್ಲಿ ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟೆಯ ಕೆಲಸ ನಡೆದಿತ್ತು. ಅದು 1907ರಲ್ಲಿ ಮುಗಿಯಿತು. ವಾಣಿವಿಲಾಸ ಸಾಗರವು ಮೊದಲ ಸಲ ತುಂಬಿ ಕೋಡಿ ಬಿದ್ದುದು 1933ರ ಸೆಪ್ಟೆಂಬರಿನಲ್ಲಿ. ಸೌರಕಲೆಗಳ ಪಟ್ಟಿಯನ್ನು ತೆಗೆದು ನೋಡಿದರೆ, 1933 ಕಲೆಗಳು ತೀರ ಕಡಿಮೆಯಿದ್ದ ವರ್ಷ. ಲಾಕ್ಯರರೂ ಹಂಟರರೂ ಬರಗಾಲವೆಂದು ಗುರುತು ಹಾಕಬಹುದಾಗಿದ್ದ ವರ್ಷದಲ್ಲಿ ಮಾರಿಕಣಿವೆ ತುಂಬಿ ಹರಿಯಿತು. ಒಂದೇ ಕಟ್ಟೆಯ ಒಂದೇ ವರ್ಷದ ಸಾಕ್ಷಿಯಿಂದ ಸಿದ್ಧಾಂತವೊಂದನ್ನು ಉರುಳಿಸಲಾಗದೆಂಬುದು ನಿಜ. ವಾಕರರು ಅದನ್ನು ಬೇರೆ ಲೆಕ್ಕಗಳಿಂದ ಉರುಳಿಸಿದರು. ಎರಡನೆಯ ಸಲ ಕೋಡಿ ಬಿದ್ದುದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ. ಆಗ ಕಲೆಗಳು ಏರುತ್ತಿದ್ದವು. ನೀರು ನೋಡಲು ಊರೇ ಕಟ್ಟೆಯ ಮೇಲೆ ನೆರೆದಿದ್ದಾಗ ಆ ವೃದ್ಧೆಯನ್ನೂ ಮೊಮ್ಮಕ್ಕಳು ಕೈಹಿಡಿದು ಕರೆತಂದಿದ್ದರು. ನಾವು ಹತ್ತಿರ ಹೋಗಿ, ಸೂರ್ಯನಲ್ಲಿ ಮಳೆ ಕಾಣುವುದಿಲ್ಲವಂತೆ ತಾಯಿ ಎಂದು ಹೇಳಬೇಕೆಂದಿದ್ದೆವು. ಕೋಡಿಯ ಭೋರ್ಗರೆತದಲ್ಲಿ ಅವರಿಗೆ ನಮ್ಮ ಮಾತು ಕೇಳಿಸಲಿಲ್ಲ.