ರಾಯಭಾರಿ ಮುತ್ತಮ್ಮನವರು



ಶಿವಾಜಿನಗರ, ಹಲಸೂರಿನಿಂದ ಹಿಡಿದು ಕೆ.ಆರ್. ಪುರದವರೆಗೆ ನಮ್ಮ ಧರ್ಮಕೇಂದ್ರಗಳಲ್ಲಿ, ಗಂಡನನ್ನು ಕಳೆದುಕೊಂಡು ಒಬ್ಬರೇ ದುಡಿದು ಮಕ್ಕಳನ್ನು ಓದಿಸುವ ತಾಯಂದಿರು ಎಷ್ಟೋ ಮಂದಿ. ಅಂಥ ಒಬ್ಬ ತಾಯಿಯ ಮಗಳ ಬಾಳನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಚೋನಿರ ಬೆಳ್ಳಿಯಪ್ಪ ಮುತ್ತಮ್ಮನವರು ಹುಟ್ಟಿದ್ದು 1924ರ ಜನವರಿ 24ರಂದು, ಕೊಡಗಿನ ವಿರಾಜಪೇಟೆಯಲ್ಲಿ. ತಂದೆ ಅರಣ್ಯಾಧಿಕಾರಿ. ಮಗಳಿಗೆ ಒಂಬತ್ತು ವರ್ಷವಾದಾಗ ಅವರು ತೀರಿಕೊಂಡರು. ನಾಲ್ಕು ಮಕ್ಕಳನ್ನೂ ಓದಿಸಿಯೇ ತೀರಬೇಕೆಂದು ತಾಯಿ ಪಣತೊಟ್ಟರು. ಮಡಿಕೇರಿಯ ಸಂತ ಜೋಸೆಫರ ಹೆಣ್ಣುಮಕ್ಕಳ ಶಾಲೆ, ಆಮೇಲೆ ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಹೀಗೆ ಸಾಗಿತು ಓದು. 1948ರಲ್ಲಿ ಅವರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಹೆಂಗಸರಲ್ಲಿ ಅವರೇ ಮೊದಲಿಗರು. ಅವರು ಬಯಸಿದ್ದು ವಿದೇಶ ಸೇವೆ. ಅದು ಹೆಣ್ಣಿಗೆ ಹೊಂದುವ ಕೆಲಸವಲ್ಲವೆಂದು ಸಂದರ್ಶನದಲ್ಲಿ ಹಿರಿಯರು ಅವರ ಮನಸ್ಸು ತಿರುಗಿಸಲು ನೋಡಿದರು. ಅವರು ಬಗ್ಗಲಿಲ್ಲ. 1949ರಲ್ಲಿ ಸೇವೆಗೆ ಸೇರಿದರು. ಆದರೆ ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು.

ಇಲ್ಲಿ ಒಂದು ಮಾತು. ನಾವು ಯಾಜಕರೂ ಮದುವೆಯಿಲ್ಲದೆ ಬಾಳುವವರೇ. ಆದರೆ ಅದು ವರ್ಷಗಟ್ಟಲೆ ಪ್ರಾರ್ಥಿಸಿ, ಯೋಚಿಸಿ, ದೇವರ ಮುಂದೆ ನಾವಾಗಿ ಕೊಟ್ಟ ವಚನ. ಸಂಬಳದ ಕೆಲಸಕ್ಕೆ ಷರತ್ತಾಗಿ, ಅದೂ ಹೆಣ್ಣಿಗೆ ಮಾತ್ರ, ಬರೆಸಿಕೊಳ್ಳುವ ಮುಚ್ಚಳಿಕೆಯನ್ನು ಇದರ ಪಕ್ಕದಲ್ಲಿಡಲಾದೀತೇ?

ಪ್ಯಾರಿಸ್, ರಂಗೂನ್, ಲಂಡನ್‌ಗಳಲ್ಲಿ, ದೆಹಲಿಯ ಸಚಿವಾಲಯದಲ್ಲಿ ಅವರು ದುಡಿದರು. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಅದಕ್ಕೂ ಮೊದಲು ವಿಜಯಲಕ್ಷ್ಮಿ ಪಂಡಿತರು ರಾಯಭಾರಿಯಾಗಿದ್ದರು ನಿಜ, ಆದರೆ ಅವರು ರಾಜಕೀಯದಿಂದ ಬಂದವರು. ಸೇವೆಯೊಳಗಿನಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಆ ಪದವಿ ಪಡೆದ ಮೊದಲ ಮಹಿಳೆ ಮುತ್ತಮ್ಮನವರೇ. ಮುಂದೆ ಘಾನಾಕ್ಕೂ ಹೋದರು. ಪರದೇಶದಲ್ಲಿ ಇಡೀ ನಾಡಿನ ಪರವಾಗಿ ಮಾತನಾಡಲು ಯೋಗ್ಯರೆನಿಸಿದ ಅವರಿಗೆ, ಮೇಲಿನ ದರ್ಜೆಯ ಬಡ್ತಿಯ ಸರದಿ ಬಂದಾಗ ಮಾತ್ರ ಯೋಗ್ಯತೆ ಸಾಲದೆಂದರು!

ಸೇವೆಯಲ್ಲಿದ್ದುಕೊಂಡೇ ಅವರು ಸರಕಾರದ ಮೇಲೆ ಸುಪ್ರೀಂ ಕೋರ್ಟಿಗೆ ಹೋದರು. ಹೆಣ್ಣು ಮದುವೆಗೆ ಮುಂಚೆ ಸರಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯೆಂದು ಕಂಡರೆ ಅವಳನ್ನು ಬಿಡಿಸಬಹುದು ಎಂದಿದ್ದ ನಿಯಮವನ್ನೂ ಪ್ರಶ್ನಿಸಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಬಡ್ತಿ ಬಂತು. 1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ತೀರ್ಪಿತ್ತರು. ಕಾಗದದ ಮೇಲೆ ನೋಡಿದರೆ ಅರ್ಜಿ ವಜಾ. ತೀರ್ಪನ್ನು ಓದಿದರೆ ಮಾತ್ರ ಗೆದ್ದವರು ಯಾರೆಂದು ತಿಳಿಯುತ್ತದೆ. ಸಂಸಾರದ ಹೊರೆ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿಗೂ ಆಗಬೇಕಲ್ಲವೇ ಎಂದು ಕೇಳಿದ ನ್ಯಾಯಾಲಯ, ಹೆಣ್ಣುಗಂಡೆಂಬ ಭೇದದ ಕಳಂಕವಿಲ್ಲದಂತೆ ಸೇವಾ ನಿಯಮಗಳನ್ನೆಲ್ಲ ತಿದ್ದಬೇಕೆಂದಿತು. ಅನುಮತಿಯ ನಿಯಮವನ್ನು ಕೈಬಿಡುತ್ತಿರುವುದಾಗಿ ಸರಕಾರವೇ ಒಪ್ಪಿಕೊಂಡಿತ್ತು. ಆಗ ಮುತ್ತಮ್ಮನವರಿಗೆ 55 ವರ್ಷ. ಅವರು ಮದುವೆಯಾಗಿರಲಿಲ್ಲ.

ಕೊನೆಯದಾಗಿ ನೆದರ್ಲೆಂಡ್ಸ್‌ನಲ್ಲಿ ರಾಯಭಾರಿಯಾಗಿದ್ದು 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಓಲೋಫ್ ಪಾಲ್ಮೆ ಅವರ ನಿಶ್ಶಸ್ತ್ರೀಕರಣ ಆಯೋಗದಲ್ಲೂ ಸದಸ್ಯರಾಗಿದ್ದರು. ಕೊಡವರ ಅಡುಗೆಯ ಬಗ್ಗೆ ಇತರರೊಡನೆ ಸೇರಿ ಪುಸ್ತಕವನ್ನೂ ಬರೆದರೆಂದರೆ ನಮ್ಮ ತಾಯಂದಿರಿಗೆ ಸಂತೋಷವಾದೀತು!

ದೆಹಲಿಯಲ್ಲಿ ಅವರಿಗೆ 15 ಎಕರೆ ಜಮೀನಿತ್ತು. ಅದನ್ನು ಮದರ್ ತೆರೇಸಾ ಅವರ ಧರ್ಮಭಗಿನಿಯರಿಗೆ ಅನಾಥ ಮಕ್ಕಳ ಆಶ್ರಮಕ್ಕೆಂದು ಕೊಟ್ಟುಬಿಟ್ಟರು. 2009ರ ಅಕ್ಟೋಬರ್ 14ರಂದು ನಮ್ಮ ಬೆಂಗಳೂರಿನಲ್ಲೇ, 85ನೇ ವಯಸ್ಸಿನಲ್ಲಿ ಕಣ್ಮುಚ್ಚಿದರು.