ಬೀಸುಕಲ್ಲಿನ ಮುಂದೆ ನಮ್ಮವ್ವ

ಊರಿನಿಂದ ದೂರ ಇರುವ ನಮ್ಮ ಕನ್ನಡ ಕೂಟದ ಪತ್ರಿಕೆಯ ಈ ಸಲದ ಮಕ್ಕಳ ಪುಟಕ್ಕೆ ಉತ್ತರ ಕರ್ನಾಟಕದ ಯಾರಾದರೊಬ್ಬರ ಬಗ್ಗೆ ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಬಸವಣ್ಣನವರ ಬಗ್ಗೆ ಬರೆಯಬಹುದಿತ್ತು. ಅವರು ಹುಟ್ಟಿದ ಬಾಗೇವಾಡಿ ನಮ್ಮ ಪಕ್ಕದ ತಾಲ್ಲೂಕು. ಆದರೆ ಅವರ ಕತೆಯನ್ನು ಬಸವ ಜಯಂತಿಗೆ ನೀವು ಪ್ರತಿವರ್ಷ ಕೇಳುತ್ತೀರಿ, ನಾಟಕವನ್ನೂ ಆಡುತ್ತೀರಿ. ನಾನು ನಮ್ಮವ್ವನ ಬಗ್ಗೆ ಬರೆಯುತ್ತೇನೆ. ಹೋದ ವರ್ಷ ತೀರಿಕೊಂಡಳು. ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಾಳಿದವಳು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವಳು. ಅವಳಿಗೆ ಬೀಸುವ ಪದಗಳು, ಅಂದರೆ ಬೀಸುಕಲ್ಲು ತಿರುಗಿಸುತ್ತ ಹಾಡುವ ಹಾಡುಗಳು, ಬರುತ್ತಿದ್ದವು. ಅವಳ ಬಾಳು ಹೇಗಿತ್ತೆಂದು ನನಗೆ ಗೊತ್ತಾದದ್ದು ಬಹುಪಾಲು ಆ ಪದಗಳಿಂದ. ಎದುರಿಗೆ ಕೂರಿಸಿಕೊಂಡು ಅವಳು ಹೇಳಿದ್ದು ಬಹಳ ಕಡಿಮೆ. ಕೇಳಿದರೆ "ಹೇಳೂದೇನೈತಿ ಬಿಡ" ಅನ್ನುತ್ತಿದ್ದಳು.

ಬೀಸುಕಲ್ಲನ್ನು ನಿಮ್ಮಲ್ಲಿ ಕೆಲವರು ವಸ್ತುಸಂಗ್ರಹಾಲಯದಲ್ಲಿ ನೋಡಿರಬಹುದು. ಒಂದರ ಮೇಲೊಂದು ಎರಡು ದುಂಡು ಕಲ್ಲು. ಕೆಳಗಿನದು ಅಲುಗಾಡುವುದಿಲ್ಲ, ಮೇಲಿನದು ನಡುವಿನ ಗೂಟದ ಸುತ್ತ ತಿರುಗುತ್ತದೆ. ಮೇಲಿನ ಕಲ್ಲಿನ ನಡುವೆ ಒಂದು ಬಾಯಿ, ಅದಕ್ಕೆ ಹಿಡಿ ಹಿಡಿಯಾಗಿ ಕಾಳು ಹಾಕಬೇಕು. ಅಂಚಿಗೆ ಕಟ್ಟಿಗೆಯ ಹಿಡಿಕೆ. ಒಂದು ಕಾಲು ಚಾಚಿ, ಒಂದು ಕಾಲು ಮಡಿಚಿ ಕೂತು ಬಲಗೈಯಿಂದ ತಿರುಗಿಸುತ್ತ ಎಡಗೈಯಿಂದ ಕಾಳು ಹಾಕುತ್ತಾರೆ. ಇಬ್ಬರು ಹೆಂಗಸರು ಎದುರುಬದುರು ಕೂತು ಒಂದೇ ಹಿಡಿಕೆ ಹಿಡಿದರೆ ಭಾರ ಅರ್ಧ. ಅವಸರಪಟ್ಟು ಕಾಳು ಹೆಚ್ಚು ಸುರಿದರೆ ಹಿಟ್ಟು ತರಿತರಿ. ಕಾಳಿಲ್ಲದೆ ತಿರುಗಿಸಿದರೆ ಕಲ್ಲಿಗೆ ಕಲ್ಲು ಉಜ್ಜಿ ಹಿಟ್ಟಿನಲ್ಲಿ ಹರಳು. ಒಂದೇ ಹದದಲ್ಲಿ ಗಂಟೆಗಟ್ಟಲೆ ಕೈ ಆಡಬೇಕು. ಆ ಹದವನ್ನು ಹಿಡಿದು ನಿಲ್ಲಿಸುವುದೇ ಪದ.

ದಿನಾ ಯಾಕೆ ಬೀಸಬೇಕು, ಭಾನುವಾರ ಒಮ್ಮೆ ಬೀಸಿಟ್ಟರೆ ಆಗದೇ ಎಂದು ನನ್ನ ಮಗ ಕೇಳಿದ್ದ. ಬುದ್ಧಿವಂತ ಪ್ರಶ್ನೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಹಿಟ್ಟು ಹಳತಾದಷ್ಟೂ ಜಿಗಿ ಹೋಗುತ್ತದೆ, ಎಸರು ಹಾಕಿ ನಾದಿದರೂ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಇಲ್ಲಿಯ ಅಂಗಡಿಯ ಪ್ಯಾಕೆಟ್ ಹಿಟ್ಟಿನಲ್ಲಿ ನಿಮ್ಮಮ್ಮ ರೊಟ್ಟಿ ಮಾಡಲು ಹೋಗಿ ಬೇಸತ್ತಿದ್ದರೆ ಕಾರಣ ಇದೇ, ಅವರ ಕೈಯ ತಪ್ಪಲ್ಲ. ಹಾಗಾಗಿ ನಮ್ಮ ಕಡೆ ಹೆಂಗಸರು ಕೋಳಿ ಕೂಗುವ ಮೊದಲೇ ಎದ್ದು ಆ ದಿನದ ಹಿಟ್ಟು ಬೀಸುತ್ತಿದ್ದರು. ಜೋಳಕ್ಕೇನೂ ನಮ್ಮಲ್ಲಿ ಕೊರತೆ ಇರಲಿಲ್ಲ, ಮಳೆ ಕೈಕೊಡದಿದ್ದರೆ. ತಾಳಿಕೋಟೆಯ ಮಗ್ಗುಲಲ್ಲಿ ಹರಿಯುವ ಡೋಣಿ ಹೊಳೆಯ ದಂಡೆ ಕರಿಮಣ್ಣಿನ ಎರೆಭೂಮಿ. "ಡೋಣಿ ಹರಿದರ ಓಣೆಲ್ಲ ಜ್ವಾಳ" ಎಂಬ ಮಾತು ಇವತ್ತಿಗೂ ಇದೆ.

ಅವ್ವ ಹದಿನಾಲ್ಕಕ್ಕೆ ಮದುವೆಯಾಗಿ ಬಂದಳಂತೆ. ಬಂದ ಮಾರನೆಯ ದಿನವೇ ಬೀಸುಕಲ್ಲಿನ ಮುಂದೆ ಕೂತದ್ದು. ಎದುರಿಗೆ ಅವಳ ಅತ್ತೆ, ಅಂದರೆ ನಮ್ಮಜ್ಜಿ. ಅಜ್ಜಿ ಬಿರುಸಿನ ಹೆಂಗಸು, ಅವಳ ಮುಂದೆ ಸೊಸೆ ತಲೆಯೆತ್ತಿ ಮಾತಾಡುವ ಹಾಗಿರಲಿಲ್ಲ. ಹಾಡಬಹುದಿತ್ತು! ಬೀಸುವ ಪದದಲ್ಲಿ ಮೊದಲು ದೇವರನ್ನು, ಗುರುವನ್ನು, ಕಲ್ಲನ್ನೂ ನೆನೆಯುತ್ತಾರೆ. ಆಮೇಲೆ ತವರು ಬರುತ್ತದೆ, ಹಡೆದವ್ವ ಬರುತ್ತಾಳೆ, ನಾಗರ ಪಂಚಮಿ ಹಬ್ಬಕ್ಕೆ ಕರೆಯಲು ಬರಬೇಕಾದ ಅಣ್ಣ ಬರುತ್ತಾನೆ. ಅಣ್ಣ ಬಂದರೆ ತವರಿನ ಜೋಕಾಲಿ, ಶೇಂಗಾ ಉಂಡಿ. ಬರದಿದ್ದರೆ ಅವನಿಗೆ ಯಾವ ಅತ್ತಿಗೆ ಏನು ಕಿವಿಯೂದಿದಳೋ ಎಂಬ ಸಂಶಯ. ಅದರ ನಡುವೆಯೇ ಅತ್ತೆಯ ಮನೆಯ ಕಷ್ಟವೂ ನುಸುಳುತ್ತದೆ. ಅತ್ತೆ ಎದುರಿಗೇ ಕೂತಿದ್ದಾಳೆ, ಅದೇ ಹಿಡಿಕೆಯನ್ನು ಹಿಡಿದಿದ್ದಾಳೆ, ಆದರೂ ಬೈಯುವ ಹಾಗಿಲ್ಲ. ಯಾಕೆಂದರೆ ಸೊಸೆ ಮಾತಾಡಿಲ್ಲ, ಪದ ಹಾಡಿದ್ದಾಳೆ. ಪದ ಎಲ್ಲರದು.

ಇದನ್ನು ನಾನು ಕಲ್ಪಿಸಿ ಹೇಳುತ್ತಿಲ್ಲ. ಸಣ್ಣವಳಿದ್ದಾಗ ಅವ್ವನ ಚಾಚಿದ ಕಾಲಿನ ಮೇಲೆ ತಲೆಯಿಟ್ಟು ಅರೆನಿದ್ದೆಯಲ್ಲಿ ಎಷ್ಟೋ ಬೆಳಗು ಕೇಳಿದ್ದೇನೆ. ಅವ್ವ ತನ್ನ ತಾಯಿಯ ಮೇಲೆ ಒಂದು ಪದ ಹಾಡಿದರೆ ಅಜ್ಜಿ ಅದನ್ನು ಹಾಗೇ ಬಿಡುತ್ತಿರಲಿಲ್ಲ, ತನ್ನ ತಾಯಿಯ ಮೇಲೆ ಮತ್ತೊಂದು ಎತ್ತುತ್ತಿದ್ದಳು. ಅಜ್ಜಿಗೂ ಒಬ್ಬ ಅವ್ವ ಇದ್ದಳು, ಅವಳೂ ಒಂದು ದಿನ ಯಾರದೋ ಮನೆಗೆ ಅಳುತ್ತ ಬಂದವಳು ಎಂದು ನನಗೆ ಹೊಳೆದದ್ದು ಹಾಗೆ. ಬೆಳಕಾದ ಮೇಲೆ ಇಬ್ಬರೂ ಮತ್ತೆ ಅತ್ತೆ-ಸೊಸೆ, ಉಪ್ಪು ಹೆಚ್ಚಾಯಿತು ಎಂದು ಜಗಳ. ಬೀಸುವ ಹೊತ್ತಿನಲ್ಲಿ ಮಾತ್ರ ಇಬ್ಬರೂ ಹೆಣ್ಣುಮಕ್ಕಳು.

ಪದದ ಕಟ್ಟಡವನ್ನೂ ಸ್ವಲ್ಪ ನೋಡಿ. ಮೂರೇ ಸಾಲು, ಅದಕ್ಕೆ ತ್ರಿಪದಿ ಎನ್ನುತ್ತಾರೆ. ಹಾಡುವಾಗ ಎರಡನೆಯ ಸಾಲಿನ ಕೊನೆಯ ಭಾಗವನ್ನು ಇನ್ನೊಮ್ಮೆ ಹೇಳಿ ಮೂರನೆಯದಕ್ಕೆ ಹೋಗುತ್ತಾರೆ. ಆ ಮರುಕಳಿಕೆಯಲ್ಲಿ ಉಸಿರು ತಿರುಗುತ್ತದೆ, ಎದುರಿನವಳು ದನಿ ಕೂಡಿಸುತ್ತಾಳೆ, ಮುಂದಿನ ಸಾಲು ನೆನಪಾಗದಿದ್ದರೆ ಹುಡುಕಲು ಒಂದು ಗಳಿಗೆಯೂ ಸಿಗುತ್ತದೆ. ಈ ಮೂರು ಸಾಲಿನ ಪದ್ಯ ಕನ್ನಡದಲ್ಲಿ ಬಹಳ ಹಳೆಯದು. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟ ಎಂಬ ವೀರನನ್ನು ಹೊಗಳುವ ಶಾಸನ ಇದೆ. ಸುಮಾರು ಕ್ರಿ.ಶ. 700ರದು. ಅದರಲ್ಲಿ ತ್ರಿಪದಿಗಳಿವೆ. ಅಂದರೆ ಓದು ಬಾರದ ನಮ್ಮವ್ವ ಕತ್ತಲಲ್ಲಿ ಹಾಡುತ್ತಿದ್ದ ಧಾಟಿಗೆ ಕಡಿಮೆಯೆಂದರೂ ಸಾವಿರದ ಮುನ್ನೂರು ವರ್ಷ. ಸರ್ವಜ್ಞ ಹೇಳಿದ್ದೂ ತ್ರಿಪದಿಯಲ್ಲೇ. ಸರ್ವಜ್ಞನ ಹೆಸರು ನಿಮಗೆ ಗೊತ್ತು. ಬೀಸುವ ಪದ ಕಟ್ಟಿದವರಲ್ಲಿ ಒಬ್ಬಳ ಹೆಸರೂ ಯಾರಿಗೂ ಗೊತ್ತಿಲ್ಲ.

ಆ ಪದಗಳನ್ನು ಕಾಗದಕ್ಕೆ ಇಳಿಸಿದವರೂ ನಮ್ಮ ಜಿಲ್ಲೆಯವರೇ ಎಂದು ನನಗೆ ತಿಳಿದದ್ದು ವಿಜಯಪುರದ ಕಾಲೇಜಿಗೆ ಸೇರಿದ ಮೇಲೆ. ಇಂಡಿಯ ಕಡೆ, ಭೀಮಾ ನದಿಯ ಸೀಮೆಯಲ್ಲಿ ಹಲಸಂಗಿ ಎಂಬ ಊರಿದೆ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾ ಮೊದಲಾದ ಹರೆಯದ ಹುಡುಗರ ಗುಂಪೊಂದಿತ್ತು. ಹಲಸಂಗಿ ಗೆಳೆಯರು ಎಂದೇ ಹೆಸರಾದರು. ಹೆಂಗಸರ ಹಾಡೆಂದರೆ ಓದಿದವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಇವರು ಊರೂರಿನ ಪದಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ತಂದರು. ಕನ್ನಡದ ದೊಡ್ಡ ಕವಿಗಳೇ ಅದನ್ನು ತಲೆಯ ಮೇಲೆ ಹೊತ್ತರು. ಗ್ರಂಥಾಲಯದಲ್ಲಿ ಅದನ್ನು ತೆರೆದಾಗ ನನಗೆ ಮೊದಲು ಬಂದದ್ದು ಹೆಮ್ಮೆಯಲ್ಲ, ಸಿಟ್ಟು. ಅವ್ವನ ಪದ ಇಲ್ಲಿಗೆ ಹೇಗೆ ಬಂತು? ಹಲಸಂಗಿಗೂ ನಮ್ಮೂರಿಗೂ ನೂರು ಕಿಲೋಮೀಟರಿಗಿಂತ ಹೆಚ್ಚು. ಆಮೇಲೆ ಅರ್ಥವಾಯಿತು. ಹೆಣ್ಣು ಮದುವೆಯಾಗಿ ಹೋಗುವಾಗ ತವರಿನ ಪದಗಳನ್ನು ಕೊಂಡೊಯ್ಯುತ್ತಾಳೆ. ಹೋದ ಊರಿನ ಹೊಳೆಯ ಹೆಸರು, ದೇವರ ಹೆಸರು ಅದರೊಳಗೆ ಸೇರಿಸುತ್ತಾಳೆ. ಅವಳ ಮಗಳು ಅದನ್ನು ಮತ್ತೊಂದು ಊರಿಗೆ ಒಯ್ಯುತ್ತಾಳೆ. ಭೀಮಾ ದಂಡೆಯ ಪದ ಕೃಷ್ಣೆಯ ದಂಡೆಗೆ ಬರಲು ನಾಲ್ಕೈದು ಮದುವೆ ಸಾಕು.

1972ರ ಬರಗಾಲದಲ್ಲಿ ನಮ್ಮ ಕಲ್ಲು ಸುಮ್ಮನಾಯಿತು. ಬೀಸಲು ಕಾಳೇ ಇರಲಿಲ್ಲ. ಅವ್ವ ಬರಗಾಲದ ಕಾಮಗಾರಿಗೆ ಹೋಗಿ ರಸ್ತೆಗೆ ಖಡಿ ಒಡೆದಳು. ಆ ಎರಡು ವರ್ಷದ ಬಗ್ಗೆ ಅವಳಲ್ಲಿ ಒಂದು ಪದವೂ ಇರಲಿಲ್ಲ. ಸುತ್ತಿಗೆಯ ಏಟಿಗೆ ಪದ ಹೊಂದುವುದಿಲ್ಲ ಎಂದಳು ಒಮ್ಮೆ. ಬರ ಕಳೆದು ಕೆಲವು ವರ್ಷಕ್ಕೆ ಊರಿಗೆ ಗಿರಣಿ ಬಂತು. ಡಬ್ಬಿ ತುಂಬ ಜೋಳ ಹೊತ್ತು ಹೋದರೆ ಚಹಾ ಕುದಿಯುವಷ್ಟರಲ್ಲಿ ಬಿಸಿ ಹಿಟ್ಟು. ಮಕ್ಕಳೇ, ಗಿರಣಿ ಬಂದು ಪದಗಳು ಸತ್ತವು ಎಂದು ಮರುಗಿ ಬರೆಯುವವರು ಬಹಳ ಜನ ಇದ್ದಾರೆ. ಅವರಲ್ಲಿ ಎಷ್ಟು ಜನ ನಸುಕಿನಲ್ಲಿ ಎದ್ದು ಜೋಳ ಬೀಸಿದ್ದಾರೆ ಎಂದು ಕೇಳಬೇಕು ಅನಿಸುತ್ತದೆ. ಅವ್ವ ಗಿರಣಿಗೆ ಕೈಮುಗಿದಳು. ಅವಳ ಅಂಗೈಯ ಗಡ್ಡೆಗಳು ಮೆತ್ತಗಾಗಲು ವರ್ಷಗಳೇ ಬೇಕಾದವು. ಕಲ್ಲು ಆಮೇಲೆ ಬೇಳೆ ಒಡೆಯಲು, ರವೆ ತೆಗೆಯಲು ಮಾತ್ರ. ಹಾಗಿದ್ದೂ ಒಂದು ಮಾತು ನಿಜ. ಅತ್ತೆ-ಸೊಸೆ ಎದುರುಬದುರು ಕೂರುವುದು ನಿಂತ ಮೇಲೆ ಅವರಿಬ್ಬರ ನಡುವೆ ಉಳಿದದ್ದು ಉಪ್ಪಿನ ಜಗಳ ಮಾತ್ರ.

ಅವ್ವನ ತವರು ಕೃಷ್ಣೆಯ ದಂಡೆಯಲ್ಲಿ, ತಂಗಡಗಿಯ ಕಡೆ. ತಂಗಡಗಿ ಎಂಬ ಹೆಸರನ್ನು ಇತಿಹಾಸದ ಪುಸ್ತಕದಲ್ಲಿ ನೀವು ಬೇರೆ ರೂಪದಲ್ಲಿ ಓದುತ್ತೀರಿ: 1565ರಲ್ಲಿ ವಿಜಯನಗರದ ರಾಮರಾಯ ಸೋತು ತಲೆ ಕಳೆದುಕೊಂಡ ತಾಳಿಕೋಟೆ ಯುದ್ಧಕ್ಕೆ ರಕ್ಕಸತಂಗಡಿ ಯುದ್ಧ ಎಂದೂ ಹೆಸರು. ರಕ್ಕಸಗಿ, ತಂಗಡಗಿ ಎರಡೂ ನಮ್ಮ ತಾಲ್ಲೂಕಿನ ಊರುಗಳು. ಅವ್ವನಿಗೆ ಆ ಯುದ್ಧ ಗೊತ್ತಿರಲಿಲ್ಲ. ಬಸವಣ್ಣನವರ ಮಡದಿ ನೀಲಮ್ಮ ಐಕ್ಯಳಾದ ಜಾಗ ಎಂದು ತಂಗಡಗಿಗೆ ನಡೆದುಕೊಳ್ಳುತ್ತಿದ್ದಳು. ಕೂಡಲಸಂಗಮಕ್ಕೆ ಹೋದ ಬಸವಣ್ಣ ನೀಲಮ್ಮನನ್ನು ಕರೆಸಿದರು, ಅವಳು ಹೊಳೆಯ ಈಚೆ ದಂಡೆಗೆ ಬರುವಷ್ಟರಲ್ಲಿ ಅವರು ಐಕ್ಯರಾದ ಸುದ್ದಿ ಬಂತು, ಅವಳು ಅಲ್ಲೇ ಕೂತುಬಿಟ್ಟಳು ಎಂಬ ಕತೆ ನಮ್ಮ ಕಡೆ ಮನೆಮನೆಯಲ್ಲಿದೆ.

ಅದೇ ಹೊಳೆಗೆ ನಮ್ಮ ತಾಲ್ಲೂಕಿನ ಸಿದ್ದಾಪುರದ ಹತ್ತಿರ ಆಣೆಕಟ್ಟು ಕಟ್ಟಿದರು. ನಾರಾಯಣಪುರ ಆಣೆಕಟ್ಟು, ಬಸವಸಾಗರ. 1982ರಲ್ಲಿ ಮುಗಿಯಿತು. ಹಿನ್ನೀರು ಕೂಡಲಸಂಗಮದವರೆಗೂ ಹಬ್ಬಿತು. ಅಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯ ಹಾಗೆ ಎತ್ತರದ ಗೋಡೆ ಕಟ್ಟಿ ಉಳಿಸಿಕೊಂಡರು. ಅವ್ವನ ತವರಿಗೆ ಗೋಡೆ ಕಟ್ಟುವವರು ಯಾರು? ಊರು ಮುಳುಗಿತು. ಸೋದರಮಾವ ಬಾಗಿಲು, ತೊಲೆ, ಬೀಸುಕಲ್ಲು ಬಂಡಿಯ ಮೇಲೆ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಹೋದರು. ಆ ನೀರು ಎಡದಂಡೆ ಕಾಲುವೆ ಹಿಡಿದು ಸುರಪುರ, ಶಹಾಪುರ, ಜೇವರ್ಗಿಗೆ ಹೋಗುತ್ತದೆ, ಒಂದು ಶಾಖೆ ಇಂಡಿಯ ಕಡೆಗೂ ಹೋಗುತ್ತದೆ. ಒಣಗಿದ ಎಷ್ಟೋ ಹೊಲ ಹಸಿರಾದವು, ಅದರಲ್ಲಿ ಎರಡು ಮಾತಿಲ್ಲ. ಅವ್ವನೂ ಆಣೆಕಟ್ಟನ್ನು ಬೈದವಳಲ್ಲ. ಆದರೆ ಆ ವರ್ಷ ಪಂಚಮಿಗೆ ಮಾವ ಕರೆಯಲು ಬಂದಾಗ ಅವಳು ಹೋಗಲಿಲ್ಲ. "ಅದ್ಯಾವ ಊರೋ, ನನಗ ಗುರ್ತಿಲ್ಲ" ಎಂದಳು.

ಮುಪ್ಪಿನಲ್ಲಿ ಅವಳ ಪದಗಳನ್ನು ಫೋನಿನಲ್ಲಿ ಹಿಡಿದಿಡಬೇಕೆಂದು ನನ್ನ ತಂಗಿ ಹಟ ಹಿಡಿದಳು. ಅವ್ವ ಕುರ್ಚಿಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡಳು. ಒಂದು ಸಾಲು ಬಂತು, ಮುಂದಿನದು ಬರಲಿಲ್ಲ. ಇನ್ನೊಂದು ಎತ್ತಿದಳು, ಅದೂ ಅರ್ಧಕ್ಕೆ ನಿಂತಿತು. "ಕಲ್ಲಿಲ್ದ ಹ್ಯಾಂಗ ಬರ್ತಾವವ್ವ ಪದ?" ಎಂದು ತನಗೇ ನಗು. ತಂಗಿ ಒಳಗೆ ಹೋಗಿ ಸ್ಟೀಲಿನ ತಾಟು ತಂದು ನೆಲದ ಮೇಲೆ ಬೋರಲು ಹಾಕಿ ಅವ್ವನನ್ನು ಕೆಳಗೆ ಕೂರಿಸಿದಳು. ಅವ್ವ ಕಾಲು ಚಾಚಿ, ತಾಟಿನ ಅಂಚಿನ ಮೇಲೆ ಕೈಯಿಟ್ಟು ತಿರುಗಿಸತೊಡಗಿದಳು. ಎಡಗೈ ತಾನಾಗಿಯೇ ಇಲ್ಲದ ಕಾಳು ಹಾಕುತ್ತಿತ್ತು. ದೇವರ ಪದದಿಂದ ಶುರುವಾದದ್ದು ಊಟದ ಹೊತ್ತಾದರೂ ನಿಲ್ಲಲಿಲ್ಲ. ನೆನಪು ತಲೆಯಲ್ಲಿ ಮಾತ್ರ ಇರುತ್ತದೆ ಎಂದು ನಾನು ನಂಬಿದ್ದೆ. ಅವಳದು ಮೊಣಕೈಯಲ್ಲೂ ಇತ್ತು.

ಅದರಲ್ಲಿ ನಾವು ಯಾರೂ ಹಿಂದೆ ಕೇಳದ ಪದಗಳಿದ್ದವು. ಮುಳುಗಿದ ಊರಿನವು. ನೀರಿನ ಕೆಳಗಿನ ಅಂಗಳವನ್ನು ಈಗ ಯಾರು ಸಾರಿಸುತ್ತಾರೆ ಎಂದು ತನ್ನ ಅವ್ವನನ್ನು ಕೇಳುವ ಪದ ಒಂದು. ಕೃಷ್ಣೆಗೆ "ನೀನೇ ಈಗ ನನ್ನ ತವರಿನಾಕಿ, ಪಂಚಮಿಗೆ ನೀನೇ ಕರಿ" ಎನ್ನುವ ಅರ್ಥದ್ದು ಮತ್ತೊಂದು. ಕಟ್ಟಿದವಳು ಅವಳೇ. ಯಾವಾಗ ಕಟ್ಟಿದಳು, ಬೇಳೆ ಒಡೆಯುತ್ತ ಒಬ್ಬಳೇ ಕೂತಿದ್ದಾಗಲೋ ಏನೋ, ಹೇಳಲಿಲ್ಲ. ಇಷ್ಟು ವರ್ಷ ತವರಿನ ಮಾತೇ ಎತ್ತದಿದ್ದವಳು.

ಆ ಧ್ವನಿಮುದ್ರಣದಿಂದ ನಾಲ್ಕು ಪದಗಳನ್ನು ಆರಿಸಿಕೊಂಡಿದ್ದೇನೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಅವುಗಳನ್ನು ನಿಮಗೆ ಕಲಿಸುವುದಕ್ಕೆ ಕೂಟದವರು ಒಪ್ಪಿದ್ದಾರೆ. ಹುಡುಗರೂ ಬರಬೇಕು, ಇದು ಹುಡುಗಿಯರ ಹಾಡು ಎಂದು ಮನೆಯಲ್ಲಿ ಕೂರಬೇಡಿ. ಬರೆದಿಟ್ಟು ಉಳಿಸಿದವರು ಹಲಸಂಗಿಯ ಹುಡುಗರೇ. ಇಬ್ಬಿಬ್ಬರು ಎದುರುಬದುರು ಕೂರುವುದು, ನೆಲದ ಮೇಲೆ. ಬೀಸುಕಲ್ಲು ಇಲ್ಲಿ ಎಲ್ಲಿಂದ ತರುವುದು, ಒಂದೊಂದು ಸ್ಟೀಲ್ ತಾಟು ಹಿಡಿದುಕೊಂಡು ಬನ್ನಿ.